ಅಜ್ಜನ ಟ್ರಂಕಿನಲ್ಲಿ ಸಿಕ್ಕ ಮಡಿಸುವ ಚಾಕು: ಎಷ್ಟು ಹಳೆಯದು ಅಂತ ತಿಳಿಯೋದು ಹೇಗೆ?

ಕಾಫಿಹೂವು, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಹೆಂಚು ಬದಲಾಯಿಸಬೇಕು ಅಂತ ನಮ್ಮ ಹಳೇ ಮನೆಯ ಅಟ್ಟ ಖಾಲಿ ಮಾಡಿದೆವು. ಮೂಲೆಯಲ್ಲಿ ಅಜ್ಜನ ತಗಡಿನ ಟ್ರಂಕು ಇತ್ತು. ಒಳಗೆ ತೋಟದ ಆಳುಗಳ ಹಾಜರಿ ಬರೆಯುವ ಎರಡು ಚೆಕ್‌ರೋಲ್ ಪುಸ್ತಕ, ಒಂದು ಕನ್ನಡಕದ ಡಬ್ಬಿ, ಮತ್ತೆ ಪಂಚೆ ಚೂರಿನಲ್ಲಿ ಸುತ್ತಿಟ್ಟ ಒಂದು ಮಡಿಸುವ ಚಾಕು.

ನಮ್ಮಜ್ಜ ಇಲ್ಲೇ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವ ಗುಮಾಸ್ತ ಆಗಿದ್ದರು. ಇಂಗ್ಲಿಷ್ ದೊರೆಯ ತೋಟ. ಅಜ್ಜ ಅಲ್ಲಿಗೆ ಸೇರಿದ್ದು 1926ರಲ್ಲಿ. 1947ರಲ್ಲಿ ದೊರೆ ತೋಟ ಮಾರಿ ಹಡಗು ಹತ್ತಿದಾಗ ಇವರೂ ಕೆಲಸ ಬಿಟ್ಟು ಮನೆಗೆ ಬಂದರು. ಚಾಕು ದೊರೆ ಕೊಟ್ಟದ್ದು ಅಂತ ನಮ್ಮ ದೊಡ್ಡತ್ತೆ ಹೇಳುತ್ತಾರೆ. ಅವರಿಗೀಗ 84. "ಅದು ವಿಕ್ಟೋರಿಯಾ ರಾಣಿ ಕಾಲದ್ದು ಕಣೇ, ಅಪ್ಪಯ್ಯ ಅದರಲ್ಲೇ ಅಡಿಕೆ ಚೂರು ಮಾಡ್ತಿದ್ರು, ನಮ್ಮನ್ನ ಮುಟ್ಟಕ್ಕೇ ಬಿಡ್ತಿರ್ಲಿಲ್ಲ" ಅಂದರು.

ಚಾಕು ಮಡಿಸಿದಾಗ ಒಂಬತ್ತು ಸೆಂಟಿಮೀಟರ್ ಉದ್ದ. ಎರಡು ಅಲಗು, ಒಂದು ದೊಡ್ಡದು, ಒಂದು ಚಿಕ್ಕದು. ಅಲಗೆಲ್ಲ ಕಪ್ಪಾಗಿದೆ. ಹಿಡಿ ಕಂದು ಬಣ್ಣ, ಮರದ ತೊಗಟೆ ಹಾಗೆ ಒರಟು. ಹಿಡಿಯ ಎರಡೂ ತುದಿಯಲ್ಲಿ ಬೆಳ್ಳಿ ಥರದ ಲೋಹ ಇದೆ. ದೊಡ್ಡ ಅಲಗಿನ ಬುಡದಲ್ಲಿ ಏನೋ ಅಕ್ಷರ ಕಾಣುತ್ತೆ, ಪೂರ್ತಿ ಓದಕ್ಕೆ ಆಗ್ತಿಲ್ಲ. "ರಾಡ್ಜರ್ಸ್" ಅನ್ನೋದು ಮಾತ್ರ ಗೊತ್ತಾಯಿತು. ಪಕ್ಕದಲ್ಲಿ ಒಂದು ನಕ್ಷತ್ರ ಇದೆ.

ಪೇಟೆಯ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ತೋರಿಸಿದೆ. ಅವರು ನೋಡಿದ ತಕ್ಷಣ 150 ವರ್ಷದ್ದು, ಹಿಡಿ ದಂತದ್ದು ಅಂದರು. ಅಲ್ಲೇ ಕೊಟ್ಟು ಹೋಗಿ ಅಂತ ಒತ್ತಾಯ ಮಾಡಿದರು. ನಾನು ಕೊಡಲಿಲ್ಲ. ಈಗ ನನ್ನ ತಮ್ಮ ಗ್ಯಾರೇಜಿನಲ್ಲಿ ಬಫಿಂಗ್ ಮಾಡಿಸಿ ಪಳಪಳ ಹೊಳೆಯೋ ಹಾಗೆ ಮಾಡ್ತೀನಿ ಅಂತ ಕೂತಿದ್ದಾನೆ.

ನನಗೆ ಬೇಕಿರೋದು ಎರಡೇ ವಿಷಯ. ಇದು ಯಾವ ಕಾಲದ್ದು? ದೊಡ್ಡತ್ತೆ ಹೇಳೋದು ನಿಜಾನಾ? ಗೊತ್ತಿರೋರು ದಯವಿಟ್ಟು ಹೇಳಿ.

ಟೂಲ್‌ರೂಮ್_ರಾಯರು, ಬೆಂಗಳೂರು

ಅಮ್ಮಾ, ಮೊದಲು ನಿಮ್ಮ ತಮ್ಮನ ಕೈಯಿಂದ ಆ ಚಾಕು ಈಸಿಕೊಳ್ಳಿ. ಉಳಿದದ್ದು ಆಮೇಲೆ ಓದಿ.

ಯಾಕೆ ಹೇಳ್ತೀನಿ ಅಂದರೆ, ನಾನು 33 ವರ್ಷ ಟೂಲ್‌ರೂಮಿನಲ್ಲಿ ಕೆಲಸ ಮಾಡಿದವನು. 1984ರಲ್ಲಿ ಬೆಂಗಳೂರಿನ ಭಾನುವಾರದ ಸಂತೆಯಲ್ಲಿ ನಲವತ್ತು ರೂಪಾಯಿಗೆ ಒಂದು ಹಳೇ ಚಾಕು ಕೊಂಡೆ. ಸೋಮವಾರ ಊಟದ ಹೊತ್ತಿನಲ್ಲಿ ಬಫಿಂಗ್ ಚಕ್ರಕ್ಕೆ ಹಿಡಿದೆ. ಹತ್ತು ನಿಮಿಷದಲ್ಲಿ ಕನ್ನಡಿ ಆಯಿತು. ಅಲಗಿನ ಬುಡದಲ್ಲಿ ಒಂದು ಕಿರೀಟ, ಅದರ ಅಕ್ಕಪಕ್ಕ ಎರಡು ಅಕ್ಷರ ಇದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಆ ಅಕ್ಷರ ಯಾವುದು ಅಂತ ಬರೆದಿಟ್ಟುಕೊಂಡಿರಲಿಲ್ಲ. ಬಫಿಂಗ್ ಆದಮೇಲೆ ಅಲ್ಲಿ ಏನೂ ಇರಲಿಲ್ಲ. ಆ ಚಾಕು ಇವತ್ತೂ ನನ್ನ ಹತ್ತಿರ ಇದೆ. ಅದರ ವಯಸ್ಸು ಇನ್ನು ಯಾರಿಂದಲೂ ಹೇಳೋಕೆ ಆಗಲ್ಲ. ಆ ಎರಡು ಅಕ್ಷರವೇ ಅದರ ಜಾತಕ ಆಗಿತ್ತು. ನನಗೆ ಈಗಲೂ ಅದು ಹೊಟ್ಟೆ ಉರಿಯುವ ವಿಷಯ.

ಅಲಗು ಕಪ್ಪಾಗಿದೆ ಅಂದಿರಿ. ಅದು ಕೊಳೆ ಅಂದುಕೊಳ್ಳಬೇಡಿ. ಇಂಗಾಲದ ಉಕ್ಕು ಹುಳಿ, ಒಗರು ತಗುಲಿದರೆ ಕಪ್ಪಾಗುತ್ತದೆ. ನಿಮ್ಮಜ್ಜನ ಅಡಿಕೆಯ ಬಣ್ಣ ಅದು. ಆ ಕಪ್ಪು ಪದರ ಉಕ್ಕನ್ನು ಕಾಪಾಡುತ್ತೆ. ಕೆಂಪು ತುಕ್ಕು ಇದ್ದರೆ ಮಾತ್ರ ಹೊಲಿಗೆ ಮೆಷಿನ್ ಎಣ್ಣೆ ಎರಡು ಹನಿ ಹಾಕಿ, ಒಂದು ರಾತ್ರಿ ಬಿಟ್ಟು, ಹತ್ತಿ ಬಟ್ಟೆಯಲ್ಲಿ ಒರೆಸಿ. ತೆಂಗಿನೆಣ್ಣೆ ಬೇಡ, ಕೀಲಿನಲ್ಲಿ ಅಂಟು ಕಟ್ಟುತ್ತೆ. ಎಮರಿ ಪೇಪರ್ ಹತ್ತಿರಕ್ಕೂ ತರಬೇಡಿ.

ಈಗ ಓದುವ ವಿಷಯ. ಅಲಗಿನ ಬುಡದಲ್ಲಿ, ಕೀಲಿನ ಪಕ್ಕ, ಹರಿತ ಇಲ್ಲದ ದಪ್ಪ ಜಾಗ ಇರುತ್ತಲ್ಲ, ಹೆಸರು ಒತ್ತೋದು ಅಲ್ಲೇ. ಅದರ ಮೇಲೆ ಬಿಳಿ ಸೀಮೆಸುಣ್ಣವನ್ನು ಮೆತ್ತಗೆ ಸವರಿ. ಬೆರಳಿನಿಂದ ಒರೆಸಿಬಿಡಿ. ಅಕ್ಷರದ ಗುಂಡಿಯಲ್ಲಿ ಮಾತ್ರ ಸುಣ್ಣ ನಿಲ್ಲುತ್ತದೆ. ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಮೇಲಿಂದ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಬಿಡಿ. ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಎರಡೂ ಅಲಗಿನ ಎರಡೂ ಬದಿ ನೋಡಿ. ಒಂದೊಂದು ಬದಿಯಲ್ಲಿ ಒಂದೊಂದು ಮಾತು ಇರಬಹುದು.

ನಕ್ಷತ್ರ ಇದೆ ಅಂದಿರಲ್ಲ, ಅದರ ಪಕ್ಕ ಒಂದು ಶಿಲುಬೆ ಇರಬೇಕು. ನಾಲ್ಕೂ ತೋಳು ಹೊರಗೆ ಅಗಲ ಆಗಿರುವ ಮಾಲ್ಟೀಸ್ ಶಿಲುಬೆ. ನಕ್ಷತ್ರ ಮತ್ತು ಶಿಲುಬೆ, ಚಾಕುವಿಗೆ ಹೆಸರಾದ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಜೋಸೆಫ್ ರಾಡ್ಜರ್ಸ್ ಅಂಡ್ ಸನ್ಸ್ ಕಂಪನಿಯ ಗುರುತು. ಅಲ್ಲಿನ ಚಾಕು ಕೆಲಸಗಾರರ ಸಂಘ 1764ರಲ್ಲಿ ಆ ಮನೆತನಕ್ಕೆ ಕೊಟ್ಟದ್ದು. ಹಾಗಂತ ನಕ್ಷತ್ರ ಕಂಡ ತಕ್ಷಣ 1764 ಅನ್ನಬಾರದು. ಅದೇ ಗುರುತನ್ನು ಇನ್ನೂರು ವರ್ಷ ಒತ್ತಿದ್ದಾರೆ. ಹೆಸರಿನ ಕಾಗುಣಿತವನ್ನೂ ಸರಿಯಾಗಿ ನೋಡಿ, ನಡುವೆ "ಡಿ" ಅಕ್ಷರ ಇರಬೇಕು. ಈ ಕಂಪನಿಗೆ ಎಷ್ಟು ಹೆಸರಿತ್ತು ಅಂದರೆ "ಡಿ" ಬಿಟ್ಟು "ರಾಜರ್ಸ್" ಅಂತ ಒತ್ತಿ ಮಾರಿದವರು ಬೇಕಾದಷ್ಟು ಜನ. ಜರ್ಮನಿಯಲ್ಲಿ ಮಾಡಿ ಶೆಫೀಲ್ಡ್ ಅಂತ ಬರೆದದ್ದೂ ಇತ್ತು. ಶೆಫೀಲ್ಡಿನವರು ಗಲಾಟೆ ಮಾಡಿದ್ದಕ್ಕೇ ಬ್ರಿಟನ್ನಿನಲ್ಲಿ 1887ರ ಸರಕು ಗುರುತು ಕಾಯ್ದೆ ಬಂತು. "ಮೇಡ್ ಇನ್ ಜರ್ಮನಿ" ಅನ್ನೋ ಮಾತು ಹುಟ್ಟಿದ್ದು ಅಲ್ಲಿಂದ.

ವಯಸ್ಸು ಹೇಳೋದು ಕಿರೀಟ. ಈ ಕಂಪನಿ ರಾಜಮನೆತನಕ್ಕೆ ಚಾಕು ಕೊಡುತ್ತಿತ್ತು. ಅದಕ್ಕೆ ಕಿರೀಟದ ಅಕ್ಕಪಕ್ಕ ಆಗ ಪಟ್ಟದಲ್ಲಿದ್ದವರ ಅಕ್ಷರ ಒತ್ತುತ್ತಿದ್ದರು. "ವಿ" ಮತ್ತು "ಆರ್" ಇದ್ದರೆ ವಿಕ್ಟೋರಿಯಾ, 1837ರಿಂದ 1901. "ಇ" ಮತ್ತು "ಆರ್" ಇದ್ದರೆ ಏಳನೇ ಎಡ್ವರ್ಡ್, 1901ರಿಂದ 1910. "ಜಿ" ಮತ್ತು "ಆರ್" ಇದ್ದರೆ ಜಾರ್ಜ್. ಇಲ್ಲೇ ಸ್ವಲ್ಪ ಹುಷಾರಾಗಿರಬೇಕು. ಐದನೇ ಜಾರ್ಜ್ 1910ರಿಂದ 1936, ಆರನೇ ಜಾರ್ಜ್ 1936ರಿಂದ 1952. ಆದರೆ 1820ರಿಂದ 1830ರ ತನಕ ಆಳಿದ ನಾಲ್ಕನೇ ಜಾರ್ಜೂ ಒಬ್ಬ ಇದ್ದಾನೆ. ಅವನ ಕಾಲದಲ್ಲೇ ಈ ಕಂಪನಿಗೆ ಮೊದಲು ಅರಮನೆಯ ಮನ್ನಣೆ ಸಿಕ್ಕಿದ್ದು. ಬರೀ ಅಕ್ಷರ ನೋಡಿದರೆ ನೂರು ವರ್ಷ ತಪ್ಪಾಗಬಹುದು.

ಆಗ ಬೇರೆ ಸಾಕ್ಷಿ ಕೇಳಬೇಕು. "ಶೆಫೀಲ್ಡ್" ಆದಮೇಲೆ "ಇಂಗ್ಲೆಂಡ್" ಅಂತಲೂ ಇದೆಯಾ? ಹೊರಗಿಂದ ಬರುವ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕದವರು 1890ರಲ್ಲಿ ಕಾನೂನು ಮಾಡಿದರು. 1891ರಿಂದ ಅದು ಜಾರಿಗೆ ಬಂತು. ಅದಾದ ಮೇಲೆ "ಇಂಗ್ಲೆಂಡ್" ಒತ್ತೋದು ಜಾಸ್ತಿ ಆಯಿತು. "ಮೇಡ್ ಇನ್ ಇಂಗ್ಲೆಂಡ್" ಅಂತ ಪೂರ್ತಿ ಇದ್ದರೆ ಇನ್ನೂ ಈಚೆಯದು, ಇಪ್ಪತ್ತನೇ ಶತಮಾನದ್ದು ಅಂದುಕೊಳ್ಳಿ.

ಆಮೇಲೆ ಒಂದು ಅಯಸ್ಕಾಂತ ತಗೊಳ್ಳಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸೋದೇ ಸಾಕು. ಹಿಡಿಯ ತುದಿಯ ಬಿಳಿ ಲೋಹಕ್ಕೆ ಹಿಡಿಯಿರಿ. ಕಚ್ಚಿಕೊಂಡರೆ ಕಬ್ಬಿಣ. ಕಚ್ಚದಿದ್ದರೆ ಜರ್ಮನ್ ಸಿಲ್ವರ್ ಇರಬೇಕು. ಹೆಸರಿಗೆ ಸಿಲ್ವರ್, ಬೆಳ್ಳಿ ಒಂದು ಗುಂಜಿಯೂ ಇರಲ್ಲ. ತಾಮ್ರ, ನಿಕ್ಕಲ್, ಸತು ಸೇರಿಸಿದ ಲೋಹ. ಶೆಫೀಲ್ಡಿನಲ್ಲಿ ಅದು ಬಳಕೆಗೆ ಬಂದದ್ದು 1830ರ ದಶಕದಿಂದ ಈಚೆ.

ನಾನು ಯಾವ ಚಾಕು ಕೈಗೆ ಬಂದರೂ ಮೊದಲು ಹುಡುಕೋದು ಅದರ ಮೇಲಿರುವ ಎಲ್ಲಕ್ಕಿಂತ ಹೊಸ ಸಂಗತಿಯನ್ನು. ನಕ್ಷತ್ರ 1764ರದ್ದು ಇರಲಿ. ಅಲಗಿನ ಮೇಲೆ "ಸ್ಟೇನ್‌ಲೆಸ್" ಅಂತ ಇದ್ದರೆ ಮುಗಿಯಿತು, ಅದು 1913ರ ಹಿಂದಕ್ಕೆ ಹೋಗಲ್ಲ. ಹ್ಯಾರಿ ಬ್ರಿಯರ್ಲಿ ಆ ಉಕ್ಕು ಕರಗಿಸಿದ್ದೇ ಆ ವರ್ಷ, ಅದೂ ಶೆಫೀಲ್ಡಿನಲ್ಲೇ. ಹಿಡಿ ಬೇಕಲೈಟ್ ಅನ್ನೋ ಹಳೇ ಗಟ್ಟಿ ಪ್ಲಾಸ್ಟಿಕ್ ಆಗಿದ್ದರೆ 1907ರ ಈಚೆ. ಎಲ್ಲಾದರೂ ಪ್ಲಸ್ ತಲೆಯ ಸ್ಕ್ರೂ ಕಂಡರೆ 1936ರ ಆಸುಪಾಸು ಅಥವಾ ಅದಾದ ಮೇಲೆ ಯಾರೋ ಬಿಚ್ಚಿ ಕಟ್ಟಿದ್ದಾರೆ ಅಂತ ಅರ್ಥ. ಆಮೇಲೆ ಯಾರೂ ಬಿಚ್ಚಿ ಕಟ್ಟಿಲ್ಲ ಅಂದರೆ, ಎಲ್ಲಕ್ಕಿಂತ ಹೊಸ ಸಂಗತಿಗಿಂತ ಚಾಕು ಹಳೆಯದಾಗಿರೋಕೆ ಸಾಧ್ಯ ಇಲ್ಲ, ಅಲ್ವಾ.

ಹಿಂದುಮುಂದಾಗಿ ಯೋಚಿಸಬೇಡಿ ಮತ್ತೆ. ಸ್ಟೇನ್‌ಲೆಸ್ ಇಲ್ಲ, ಅಲಗು ಕಪ್ಪಾಗಿದೆ, ಹಾಗಾದರೆ 1913ಕ್ಕಿಂತ ಹಳೆಯದು ಅನ್ನೋ ಹಾಗಿಲ್ಲ. ಇಂಗಾಲದ ಉಕ್ಕಿನ ಚಾಕು ಆಮೇಲೂ ಎಷ್ಟೋ ಕಾಲ ಮಾಡಿದರು. ಹರಿತ ನಿಲ್ಲುತ್ತೆ ಅಂತ ಜನ ಅದನ್ನೇ ಕೇಳುತ್ತಿದ್ದರು.

ಹಿಡಿ ಬಗ್ಗೆ: ನೀವು ಬರೆದದ್ದು ನೋಡಿದರೆ ದಂತ ಅಲ್ಲ. ದಂತ ನುಣ್ಣಗಿರುತ್ತೆ, ಕೆನೆ ಬಣ್ಣ. ಅಡ್ಡ ಕೊಯ್ದ ಕಡೆ ಒಂದರ ಮೇಲೊಂದು ಹಾಯ್ದ ಗೆರೆ ಕಾಣುತ್ತೆ, ಸಣ್ಣ ಬಲೆ ಹಾಗೆ. ತೊಗಟೆ ಥರ ಒರಟು ಅಂದರೆ ಎರಡರಲ್ಲಿ ಒಂದು. ಒಂದೋ ಜಿಂಕೆ ಜಾತಿಯ ಕೊಂಬು, ಇಲ್ಲವೇ ದನದ ಮೂಳೆಗೆ ಗೀರು ಹಾಕಿ ಬಣ್ಣ ಕಟ್ಟಿದ್ದು. ಮೂಳೆಯಾದರೆ ಗೀರು ಲೆಕ್ಕ ಇಟ್ಟ ಹಾಗೆ ಸಾಲಾಗಿರುತ್ತೆ, ಎರಡೂ ಬದಿ ಒಂದೇ ರೀತಿ ಕಾಣುತ್ತೆ. ಭೂತಗನ್ನಡಿಯಲ್ಲಿ ಸೂಜಿ ಚುಚ್ಚಿದ ಹಾಗೆ ಕಪ್ಪು ಚುಕ್ಕಿ ಇರುತ್ತೆ, ಅವು ರಕ್ತನಾಳದ ದಾರಿ. ಕೊಂಬಾದರೆ ಒಂದು ಬದಿ ಇನ್ನೊಂದರ ಹಾಗಿರಲ್ಲ. ದಪ್ಪವೂ ಒಂದೇ ಸಮ ಇರಲ್ಲ. ಹಿಡಿಯ ಅಂಚನ್ನು ಪಕ್ಕದಿಂದ ನೋಡಿ, ಒಳತಗಡಿಗೆ ತಾಗುವ ಕಡೆ ಸ್ಪಂಜಿನ ಹಾಗೆ ಇದೆಯಾ ಹೇಳಿ.

ಇಷ್ಟು ನೋಡಿ ಬರೆಯಿರಿ. ಕಾಯ್ತಿರ್ತೀನಿ.

ಅಪ್ಪನ_ಪೆಟ್ಟಿಗೆ, ವಿರಾಜಪೇಟೆ

ರಾಯರು ಹೇಳಿದ್ದಕ್ಕೆ ನನ್ನದೂ ಒಂದು ಮಾತು. ಕೊಡಗಿನ ಎಷ್ಟೋ ಮನೆಯಲ್ಲಿ ಸೈನ್ಯದಿಂದ ಬಂದ ಚಾಕು ಇರುತ್ತೆ. ನಮ್ಮ ತಂದೆಯವರು ಎರಡನೇ ಮಹಾಯುದ್ಧದಲ್ಲಿ ಇದ್ದವರು. ಅವರ ಚಾಕು ದಪ್ಪ, ತೂಕ ಜಾಸ್ತಿ. ಒಂದು ಅಲಗು, ಒಂದು ಡಬ್ಬ ಕೊರೆಯುವ ಕೊಕ್ಕೆ, ಹಿಂದುಗಡೆ ಹಗ್ಗದ ಗಂಟು ಬಿಡಿಸೋ ದಪ್ಪ ಮೊಳೆ. ಹಿಡಿ ಕಪ್ಪು, ಚೌಕಳಿ ಚೌಕಳಿ, ಬೆವರಿದ ಕೈಯಿಂದಲೂ ಜಾರಲ್ಲ.

ಅದರಲ್ಲಿ ಒಂದು ಗುರುತಿದೆ. ನಾವು ಚಿಕ್ಕವರಿದ್ದಾಗ ಕೋಳಿ ಹೆಜ್ಜೆ ಅಂತಿದ್ದೆವು. ಮೂರು ಗೆರೆ ಮೇಲೆ ಒಂದು ಕಡೆ ಸೇರುತ್ತೆ. ಅದು ಬಾಣ, ಬ್ರಿಟಿಷ್ ಸರ್ಕಾರದ ಸ್ವತ್ತು ಅನ್ನೋ ಗುರುತು ಅಂತ ಆಮೇಲೆ ಗೊತ್ತಾಯಿತು. ಅದರ ಹತ್ತಿರವೇ 1943 ಅಂತ ನೇರವಾಗಿ ಒತ್ತಿದ್ದಾರೆ. ಕಿರೀಟ ಹುಡುಕೋ ಕೆಲಸವೇ ಇಲ್ಲ. ಸೈನ್ಯದ ಚಾಕು ಯಾರ ಹತ್ತಿರ ಇದ್ದರೂ ಆ ಬಾಣ ಹುಡುಕಿ, ವರ್ಷ ಅಲ್ಲೇ ಸಿಗಬಹುದು.

ಒಂದು ವಿಷಯ ಮಾತ್ರ ನೋವು. ಆ ಇಸವಿ ಇರುವ ಜಾಗದಲ್ಲಿ ನಮ್ಮ ಅಣ್ಣ ಹಿಂದೊಮ್ಮೆ ಅರ ಹಾಕಿ ತಿಕ್ಕಿದ್ದ. ಕೊನೆಯ ಅಂಕೆ 3 ಹೌದೋ 8 ಹೌದೋ ಅಂತ ಬಹಳ ದಿನ ತಲೆ ಕೆಡಿಸಿಕೊಂಡೆ. ಸೀಮೆಸುಣ್ಣದ ಉಪಾಯ ಆಗ ಗೊತ್ತಿರಲಿಲ್ಲ. ಈಗ ತಾನೇ ಮಾಡಿ ನೋಡಿದೆ ರಾಯರೇ. 3 ಅಂತ ಸ್ಪಷ್ಟವಾಗಿ ಕಂಡಿತು. ತಂದೆಯವರು ಬರ್ಮಾ ಕಡೆ ಹೋದ ಲೆಕ್ಕಕ್ಕೂ ಅದು ಹೊಂದುತ್ತೆ. ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು.

ಪಡಸಾಲೆ, ಮೈಸೂರು

ಯಾರೂ ಕಾದ ಸೂಜಿ ಪರೀಕ್ಷೆ ಮಾಡಬೇಡಿ, ದಯವಿಟ್ಟು. ಇದನ್ನು ಹೇಳೋಕೇ ಬರೆಯುತ್ತಿದ್ದೇನೆ. ಸೂಜಿ ಕಾಯಿಸಿ ಹಿಡಿಗೆ ಒತ್ತಿ, ಕೂದಲು ಸುಟ್ಟ ವಾಸನೆ ಬಂದರೆ ಮೂಳೆ ಅಥವಾ ಕೊಂಬು ಅಂತ ಎಲ್ಲ ಕಡೆ ಹೇಳುತ್ತಾರೆ. ನಾನೂ ನಂಬಿ, ನಮ್ಮತ್ತೆಯವರ ಕೆನೆ ಬಣ್ಣದ ಹಿಡಿಯ ಪುಟ್ಟ ಪೆನ್‌ನೈಫಿಗೆ ಒತ್ತಿದೆ. ಬುಸ್ ಅಂತ ಹತ್ತಿಕೊಂಡಿತು. ಹೆದರಿ ಸಿಂಕಿಗೆ ಎಸೆದೆ. ಹಿಡಿಯ ಒಂದು ಬದಿ ಹೋಯಿತು.

ಅದು ಸೆಲ್ಯುಲಾಯ್ಡ್. 1870ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಬಂದದ್ದು, ದಂತದ ಬದಲಿಗೆ ಬಳಸುತ್ತಿದ್ದರು. ಹಳೇ ಸಿನಿಮಾ ರೀಲು ಹತ್ತಿ ಉರಿಯುತ್ತಿತ್ತಲ್ಲ, ಅದೇ ಜಾತಿ. ಗುರುತು ಹಿಡಿಯೋಕೆ ಬೆಂಕಿ ಬೇಕಾಗಿಯೇ ಇಲ್ಲ. ಹೆಬ್ಬೆರಳಿನಿಂದ ಜೋರಾಗಿ ಉಜ್ಜಿ ಬಿಸಿ ಮಾಡಿ ಮೂಸಿ ನೋಡಿ, ಕರ್ಪೂರದ ವಾಸನೆ ಬರುತ್ತೆ. ಅದರಲ್ಲಿ ಇರೋದೇ ಕರ್ಪೂರ. ದಂತದ ಹಾಗೆ ಗೆರೆಯೂ ಇರುತ್ತೆ, ಆದರೆ ರೂಲ್ ಎಳೆದ ಹಾಗೆ ನೆಟ್ಟಗೆ, ಒಂದೇ ಸಮ. ಬಲೆ ಥರ ಹಾಯೋದಿಲ್ಲ. ಇನ್ನೊಂದು, ಸೆಲ್ಯುಲಾಯ್ಡ್ ಹಿಡಿಯ ಚಾಕುವನ್ನು ಬೇರೆ ಚಾಕುಗಳ ಜೊತೆ ಮುಚ್ಚಿದ ಡಬ್ಬಿಯಲ್ಲಿ ಇಡಬೇಡಿ. ಅದು ಹಳೆಯದಾದ ಮೇಲೆ ಒಂದು ಥರ ಗಾಳಿ ಬಿಡುತ್ತೆ. ಪಕ್ಕದ ಅಲಗಿಗೆಲ್ಲ ತುಕ್ಕು ಹಿಡಿಯುತ್ತೆ.

ನನ್ನ ಹತ್ತಿರ ಇನ್ನೊಂದಿದೆ, ಅದರ ಕಥೆ ಚೆನ್ನಾಗಿದೆ. ಹಣ್ಣು ಕೊಯ್ಯುವ ಮಡಿಸುವ ಚಾಕು. ಅಲಗು ಬೆಳ್ಳಿಯದು, ಹಿಡಿ ಮುತ್ತಿನ ಚಿಪ್ಪು. ಉಕ್ಕಾದರೆ ಹಣ್ಣಿನ ಹುಳಿಗೆ ಕಪ್ಪಾಗುತ್ತೆ ಅಂತ ಬೆಳ್ಳಿ ಹಾಕುತ್ತಿದ್ದರು. ಅಲಗಿನ ಮೇಲೆ ನಾಲ್ಕು ಪುಟಾಣಿ ಮುದ್ರೆ. ಕಿರೀಟ ಇದ್ದರೆ ಬೆಳ್ಳಿ ಪರೀಕ್ಷೆ ಆದದ್ದು ಶೆಫೀಲ್ಡಿನಲ್ಲಿ, ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮಿನಲ್ಲಿ. ಎರಡೂ ಕಚೇರಿ ಶುರುವಾದದ್ದು 1773ರಲ್ಲಿ. ನಡೆಯುವ ಸಿಂಹ ಇದ್ದರೆ ಸಾವಿರಕ್ಕೆ 925 ಭಾಗ ಬೆಳ್ಳಿ. ರಾಣಿಯ ತಲೆ ಇದ್ದರೆ ಸುಂಕ ಕಟ್ಟಿದ್ದಾರೆ ಅಂತ ಲೆಕ್ಕ. ಈ ತಲೆಯ ಮುದ್ರೆ 1784ರಲ್ಲಿ ಶುರುವಾಗಿ 1890ರಲ್ಲಿ ನಿಂತುಹೋಯಿತು. ನಾಲ್ಕನೆಯದು ಒಂದು ಇಂಗ್ಲಿಷ್ ಅಕ್ಷರ, ವರ್ಷಕ್ಕೊಂದರಂತೆ ಬದಲಾಗುತ್ತೆ. ನನ್ನದರ ಅಕ್ಷರ ಸವೆದಿದೆ. ಆದರೆ ವಿಕ್ಟೋರಿಯಾ ತಲೆ ಸ್ಪಷ್ಟ. ಹಾಗಾಗಿ ಅವಳು ಪಟ್ಟಕ್ಕೆ ಬಂದ ಮೇಲೆ, 1890ರ ಒಳಗೆ ಅಂತ ಗಟ್ಟಿಯಾಗಿ ಹೇಳಬಹುದು.

ನೋಡಿ, ರಾಯರು ಕಿರೀಟ ಅಂದದ್ದು ಬೇರೆ, ಈ ಕಿರೀಟ ಬೇರೆ. ಉಕ್ಕಿನ ಅಲಗಿನ ಮೇಲೆ ಅಕ್ಷರಗಳ ನಡುವೆ ಇರೋದು ರಾಜನದು. ಬೆಳ್ಳಿಯ ಮೇಲೆ ಒಂಟಿಯಾಗಿ ಇರೋದು ಶೆಫೀಲ್ಡ್ ಊರಿನದು. ನಾನು ಇದನ್ನು ಗೊಂದಲ ಮಾಡಿಕೊಂಡು ಒಂದು ವರ್ಷ ಕಳೆದೆ.

ಮೂರು_ಅಲಗು, ಪಿಟ್ಸ್‌ಬರ್ಗ್

ಅಮೆರಿಕದಿಂದ ಒಂದು ಚಿಕ್ಕ ಸೇರ್ಪಡೆ. ಇಲ್ಲಿ ನಮ್ಮ ರಾಜ್ಯದ ಬ್ರಾಡ್‌ಫರ್ಡ್ ಊರಿನಲ್ಲಿ ಕೇಸ್ ಕಂಪನಿ ಇದೆ. ಅವರ ಚಾಕುವಿನ ವರ್ಷ ಹೇಳೋದು ಮಗ್ಗಿಯಷ್ಟು ಸುಲಭ. 1970ರಲ್ಲಿ ಅಲಗಿನ ಬುಡದಲ್ಲಿ ಹೆಸರಿನ ಕೆಳಗೆ ಹತ್ತು ಚುಕ್ಕಿ ಇಟ್ಟರು. ಆಮೇಲೆ ವರ್ಷಕ್ಕೊಂದು ಚುಕ್ಕಿ ತೆಗೆಯುತ್ತಾ ಬಂದರು. ಪಕ್ಕದ ಮನೆಯ ಅಜ್ಜ ನನಗೆ ಕೊಟ್ಟದ್ದರಲ್ಲಿ ಏಳು ಚುಕ್ಕಿ ಇದೆ, ಅಂದರೆ 1973. ಅದರ ನಂಬರ್ 6318. ಮೊದಲ 6 ಅಂದರೆ ಮೂಳೆಯ ಹಿಡಿ, 3 ಅಂದರೆ ಮೂರು ಅಲಗು, 18 ಅಂದರೆ ಆಕಾರದ ನಂಬರ್. ಮೊದಲ ಅಂಕೆ 5 ಆಗಿದ್ದರೆ ಕೊಂಬಿನ ಹಿಡಿ.

ಊರಿಗೆ ಬಂದಾಗ ನಮ್ಮ ಮಾವನ ಹತ್ತಿರ ಒಂದು ಜರ್ಮನ್ ಚಾಕು ನೋಡಿದ್ದೆ, "ವೆಸ್ಟ್ ಜರ್ಮನಿ" ಅಂತಿತ್ತು. ಆ ದೇಶ ಇದ್ದದ್ದೇ 1949ರಿಂದ 1990. "ಆಕ್ಯುಪೈಡ್ ಜಪಾನ್", ಅಂದರೆ ಯುದ್ಧ ಸೋತು ಬೇರೆಯವರ ಹಿಡಿತದಲ್ಲಿದ್ದ ಜಪಾನ್ ಅಂತ ಇದ್ದರೆ 1945ರಿಂದ 1952ರ ಒಳಗೆ. ದೇಶದ ಹೆಸರೇ ಒಂದು ಕ್ಯಾಲೆಂಡರ್.

ಕಾಫಿಹೂವು, ಮೂಡಿಗೆರೆ

ರಾಯರೇ, ತಮ್ಮನಿಂದ ಚಾಕು ಈಸಿಕೊಂಡೆ. ನಿಮ್ಮ ಬರಹ ಅವನಿಗೇ ಓದಿ ಹೇಳಿದೆ. ಆಮೇಲೆ ಟಾರ್ಚ್ ಹಿಡಿದವನು ಅವನೇ.

ಸೀಮೆಸುಣ್ಣ ಸವರಿ ನೋಡಿದೆವು. ನಕ್ಷತ್ರದ ಪಕ್ಕ ಶಿಲುಬೆ ಇದೆ. ಮೇಲೆ ಕಿರೀಟ ಇದೆ. ಕಿರೀಟದ ಎಡಕ್ಕೆ "ಜಿ", ಬಲಕ್ಕೆ "ಆರ್". "ಜೋಸೆಫ್ ರಾಡ್ಜರ್ಸ್ ಅಂಡ್ ಸನ್ಸ್" ಅಂತ ಇದೆ, ನಡುವೆ "ಡಿ" ಇದೆ. ಕೆಳಗೆ "ಕಟ್ಲರ್ಸ್ ಟು ಹಿಸ್ ಮೆಜೆಸ್ಟಿ". ಇನ್ನೊಂದು ಬದಿಯಲ್ಲಿ "ನಂ. 6 ನಾರ್ಫೋಕ್ ಸ್ಟ್ರೀಟ್, ಶೆಫೀಲ್ಡ್, ಇಂಗ್ಲೆಂಡ್". ಸ್ಟೇನ್‌ಲೆಸ್ ಅಂತ ಎಲ್ಲೂ ಇಲ್ಲ. ಸ್ಕ್ರೂ ಇಲ್ಲ, ಬರೀ ರಿವೆಟ್. ಬಿಳಿ ಲೋಹಕ್ಕೆ ಅಯಸ್ಕಾಂತ ಕಚ್ಚಲಿಲ್ಲ. ಮೈಸೂರಿನವರು ಹೇಳಿದ ಸಿಂಹ, ಗಿಂಹ ಏನೂ ಇಲ್ಲ.

ಹಿಡಿಯ ಎರಡು ಬದಿ ಬೇರೆ ಬೇರೆ ಥರ ಇದೆ. ಒಂದು ಬದಿ ಆಳದ ಗೆರೆ, ಇನ್ನೊಂದು ಸ್ವಲ್ಪ ಸಪಾಟು. ಅಂಚಿನಲ್ಲಿ ಒಂದು ಕಡೆ ಸ್ಪಂಜಿನ ಹಾಗೆ ಸಣ್ಣ ಸಣ್ಣ ತೂತು ಇದೆ. ದೊಡ್ಡ ಅಲಗು ಸಾಣೆ ಹಿಡಿದು ಹಿಡಿದು ಸವೆದಿದೆ, ಚಿಕ್ಕದು ಹೊಸದರ ಹಾಗೇ ಇದೆ.

ಅಂದರೆ ವಿಕ್ಟೋರಿಯಾ ಅಲ್ಲ ಅಂತ ಆಯಿತು. ದೊಡ್ಡತ್ತೆಗೆ ಹೇಗೆ ಹೇಳೋದು ಅಂತ ಯೋಚನೆ ಆಗಿದೆ.

ಟೂಲ್‌ರೂಮ್_ರಾಯರು, ಬೆಂಗಳೂರು

ಅಮ್ಮಾ, ಎಷ್ಟು ಚೆನ್ನಾಗಿ ನೋಡಿದ್ದೀರಿ! ಓದಿ ಬಹಳ ಸಂತೋಷ ಆಯಿತು. ನಿಮ್ಮ ತಮ್ಮನಿಗೂ ಹೇಳಿ.

"ಜಿ ಆರ್" ಅಂದ ಮೇಲೆ ವಿಕ್ಟೋರಿಯಾ ಆಗಲ್ಲ, ಎಡ್ವರ್ಡೂ ಆಗಲ್ಲ. ನಾಲ್ಕನೇ ಜಾರ್ಜ್ 1830ರಲ್ಲೇ ತೀರಿಕೊಂಡ. ಅವನ ಚಾಕುವಿಗೆ ಜರ್ಮನ್ ಸಿಲ್ವರ್ ಬಂದಿರೋಕೆ ಸಾಧ್ಯ ಇಲ್ಲ, "ಇಂಗ್ಲೆಂಡ್" ಅಂತ ಒತ್ತೋ ರೂಢಿಯೂ ಆಗ ಇರಲಿಲ್ಲ. ಆ ಲೋಹ ಬೆಳ್ಳಿಯೇ ಆಗಿದ್ದರೆ ಮುದ್ರೆ ಇರಬೇಕಿತ್ತು. ಹಾಗಾಗಿ ಐದನೇ ಅಥವಾ ಆರನೇ ಜಾರ್ಜ್, 1910ರಿಂದ 1952. ಗುರುತು ಇಷ್ಟು ಹೇಳುತ್ತೆ. ಇಲ್ಲಿಂದ ಮುಂದೆ ನಿಮ್ಮ ಮನೆಯ ಕಥೆಯೇ ಸಾಕ್ಷಿ. ದೊರೆ ಹಡಗು ಹತ್ತಿದ್ದು 1947. ಅಜ್ಜ ಸೇರಿದ್ದು 1926. ಚಾಕು ಅಜ್ಜನ ಕೈಗೆ ಬಂದದ್ದು ಆ 21 ವರ್ಷದಲ್ಲಿ. ಮಾಡಿದ್ದು 1910ರಿಂದ 1947ರ ಒಳಗೆ. ಆ ಅಂಗಡಿಯವರ 150 ವರ್ಷಕ್ಕೆ ಆಧಾರವೇ ಇಲ್ಲ.

ದೊಡ್ಡತ್ತೆ ಹೇಳಿದ್ದರಲ್ಲಿ ರಾಣಿಯ ಹೆಸರು ಒಂದೇ ತಪ್ಪಿದ್ದು. ದೊರೆ ಕೊಟ್ಟದ್ದು ಅನ್ನೋದಕ್ಕೆ ಈ ಗುರುತು ಬಲ ಕೊಡುತ್ತೆ. ಹಿಂದಿನವರ ಬಾಯಲ್ಲಿ ಹಳೇ ಇಂಗ್ಲಿಷ್ ಸಾಮಾನೆಲ್ಲ ವಿಕ್ಟೋರಿಯಾ ಕಾಲದ್ದೇ. ಅಡಿಕೆ ವಿಷಯವೂ ನಿಜ. ದೊಡ್ಡ ಅಲಗು ಸವೆದು, ಚಿಕ್ಕದು ಹಾಗೇ ಇದೆ ಅಂದಿರಲ್ಲ. ಚಿಕ್ಕದು ಮೊದಲು ಹಕ್ಕಿ ಗರಿಯ ಲೇಖನಿ ಮೊನೆ ಮಾಡೋಕೆ ಇದ್ದ ಅಲಗು, ಪೆನ್‌ನೈಫ್ ಅನ್ನೋ ಹೆಸರು ಬಂದದ್ದು ಅದಕ್ಕೇ. ನಿಮ್ಮಜ್ಜ ರೈಟರ್ ಆಗಿದ್ದರೂ ಅವರ ಕಾಲಕ್ಕೆ ಸ್ಟೀಲ್ ನಿಬ್ಬು ಬಂದಿತ್ತು. ಆ ಅಲಗಿಗೆ ಕೆಲಸ ಇರಲಿಲ್ಲ.

ಹಿಡಿ ನೀವು ಹೇಳಿದ ಲಕ್ಷಣಕ್ಕೆ ಕೊಂಬೇ. ಅದರಲ್ಲೂ ಕಡವೆ ಕೊಂಬು ಇರಬೇಕು ಅನ್ನೋದು ನನ್ನ ಅಂದಾಜು. ಕಡವೆ ಕೊಂಬು ಒಳಗೆ ಗಟ್ಟಿ, ಸ್ಪಂಜು ಭಾಗ ಕಡಿಮೆ. ಶೆಫೀಲ್ಡಿನವರೂ ಜರ್ಮನಿಯ ಸೋಲಿಂಗೆನ್‌ನವರೂ ಅದನ್ನು ಇಂಡಿಯಾದಿಂದ ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದರು. ಕಡವೆ ಹಳೇ ಕೊಂಬು ಉದುರಿಸಿ ಹೊಸದು ಬೆಳೆಸುತ್ತೆ. ಕಾಡಿನಲ್ಲಿ ಬಿದ್ದದ್ದನ್ನು ಆರಿಸಿ ಮಾರುವವರಿದ್ದರು. ಈ ದೇಶದ ಯಾವುದೋ ಕಾಡಿನ ಕೊಂಬು ಶೆಫೀಲ್ಡಿಗೆ ಹೋಗಿ, ಹಿಡಿಯಾಗಿ, ದೊರೆಯ ಜೇಬಿನಲ್ಲಿ ಮೂಡಿಗೆರೆಗೆ ವಾಪಸ್ ಬಂದಿದೆ. ನನಗೆ ಇದನ್ನು ನೆನೆದರೆ ಮೈ ಜುಮ್ ಅನ್ನುತ್ತೆ.

ಉಕ್ಕಿನ ವಿಷಯದಲ್ಲೂ ಇಂಥದ್ದೇ ಒಂದು ಕಥೆ ಇದೆ. 1795ರಲ್ಲಿ ಲಂಡನ್ನಿನ ಜೇಮ್ಸ್ ಸ್ಟೊಡಾರ್ಟ್ ಅನ್ನೋ ಕುಶಲಕರ್ಮಿ ಇಂಡಿಯಾದಿಂದ ಹೋದ ಉಕ್ಕಿನ ಗಟ್ಟಿಯನ್ನು ಬಡಿದು ಒಂದು ಪೆನ್‌ನೈಫ್ ಮಾಡಿದ. ಅದನ್ನು ಬಹಳ ಮೆಚ್ಚಿಕೊಂಡ. ಆ ಉಕ್ಕನ್ನು ಅವರು ವೂಟ್ಜ್ ಅನ್ನುತ್ತಿದ್ದರು. ನಮ್ಮ "ಉಕ್ಕು" ಅನ್ನೋ ಮಾತೇ ಅವರ ಬಾಯಲ್ಲಿ ಹಾಗಾಯಿತು ಅಂತ ತಿಳಿದವರು ಹೇಳುತ್ತಾರೆ. ಮೈಸೂರು ಸೀಮೆಯಲ್ಲಿ ಉಕ್ಕು ಮಾಡೋದನ್ನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಸುತ್ತಾಡುವಾಗ ನೋಡಿ ಬರೆದಿದ್ದಾನೆ. ಜೀವನ ಪೂರ್ತಿ ಉಕ್ಕಿನ ಜೊತೆ ಇದ್ದವನಿಗೆ ಇದು ಹೆಮ್ಮೆಯ ವಿಷಯ, ಅದಕ್ಕೆ ಹೇಳಿದೆ.

ಕೊನೆಗೆ ಒಂದು ಎಚ್ಚರಿಕೆ. ಈ ಚಾಕು ಯಾರಿಗೂ ಮಾರಬೇಡಿ, ಮಾರಾಟಕ್ಕೆ ಅಂತ ಫೋಟೋ ಹಾಕಬೇಡಿ. ಕಡವೆ ಕೊಂಬಾಗಲಿ, ದಂತವಾಗಲಿ, ಕೊಳ್ಳೋದು ಮಾರೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. 2023ರಲ್ಲಿ ಹುಲಿ ಉಗುರಿನ ಪೆಂಡೆಂಟ್ ಗಲಾಟೆ ನೋಡಿದಿರಲ್ಲ. ಅಜ್ಜನ ವಸ್ತು ಮನೆಯಲ್ಲಿ ಇಟ್ಟುಕೊಳ್ಳೋಕೆ ಏನು ಕಾಗದ ಬೇಕು ಅಂತ ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ದಂತ ಅಂತ ಹೇಳಿಕೊಂಡೇ ಕೊಳ್ಳೋಕೆ ಬಂದ ಆ ಅಂಗಡಿಗೆ ಮತ್ತೆ ಹೋಗಬೇಡಿ.

ಇಡುವಾಗ ಅಲಗಿಗೆ ತೆಳ್ಳಗೆ ಎಣ್ಣೆ ಸವರಿ, ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ. ಚರ್ಮದ ಚೀಲ ಬೇಡ, ಮಲೆನಾಡಿನ ಮಳೆಗಾಲದಲ್ಲಿ ಅದು ನೀರು ಹೀರಿಕೊಂಡು ತುಕ್ಕು ತರುತ್ತೆ. ಅಜ್ಜನ ಪಂಚೆ ಚೂರು ಇನ್ನೂ ಇದ್ದರೆ ಅದರಲ್ಲೇ ಸುತ್ತಿಡಿ, ಅವರು ಸರಿಯಾಗಿಯೇ ಇಟ್ಟಿದ್ದರು.

ಕಾಫಿಹೂವು, ಮೂಡಿಗೆರೆ

ಪಂಚೆ ಚೂರು ಇದೆ ರಾಯರೇ, ಒಗೆದು ಒಣಗಿಸಿದ್ದೇನೆ. ನಿನ್ನೆ ಸಂಜೆ ದೊಡ್ಡತ್ತೆ ಹತ್ತಿರ ಕೂತು ಎಲ್ಲ ಹೇಳಿದೆ. ಜಾರ್ಜ್ ರಾಜನ ಹೆಸರು ಕೇಳಿದ ತಕ್ಷಣ, "ಹೌದು, ಜಾರ್ಜ್ ಚಕ್ರವರ್ತಿ ಬೊಂಬೆ ಇರೋ ರೂಪಾಯಿನೂ ಅದೇ ಟ್ರಂಕಲ್ಲಿ ಇಟ್ಟಿದ್ರು" ಅಂದರು. ಟ್ರಂಕಿನ ತಳದ ಕಾಗದ ಎತ್ತಿ ನೋಡಿದೆವು. ರೂಪಾಯಿ ಇಲ್ಲ. ಚಾಕು ಮಾತ್ರ ಅವರ ಕೈಗೆ ಕೊಟ್ಟೆ. ಈ ವಯಸ್ಸಿನಲ್ಲಿ ಮೊದಲ ಸಲ ಮುಟ್ಟಿದ್ದು. ತೆರೆದು, ಮಡಚಿ, ಟಪ್ ಅನ್ನೋ ಸದ್ದಿಗೆ "ಇದೇ ಸದ್ದು" ಅಂದರು.